ಬಾಂಬೆ ರಕ್ತ ಬೇಕಾಗಿದೆ

ಆ ಸೋಮವಾರ ಬೆಳಿಗ್ಗೆ ನನ್ನ ಮೇಜಿಗೆ ಬಂದ ರಕ್ತದ ಸ್ಯಾಂಪಲ್‌ಗಳಲ್ಲಿ ಅದು ಐದನೆಯದೋ ಆರನೆಯದೋ ಇರಬೇಕು. ಜೊತೆಗಿದ್ದ ಚೀಟಿಯಲ್ಲಿ ಹೆರಿಗೆ ವಾರ್ಡಿನ ವೈದ್ಯೆಯ ಅಕ್ಷರ: ಇಪ್ಪತ್ತಾರು ವರ್ಷದ ಗರ್ಭಿಣಿ, ಒಂಬತ್ತನೇ ತಿಂಗಳು, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಬಂದಿದೆ, ಎರಡು ಸಲ ರಕ್ತ ಹೋಗಿದೆ, ಹಿಮೋಗ್ಲೋಬಿನ್ ಎಂಟು, ಆಪರೇಷನ್ನಿಗೆ ಮುಂಚೆ ಎರಡು ಬಾಟಲಿ ರಕ್ತ ಸಿದ್ಧವಿರಬೇಕು. ತಾಯಿ ಕಾರ್ಡಿನಲ್ಲಿ ಗುಂಪು ಓ ಪಾಸಿಟಿವ್ ಎಂದು ಬರೆದಿತ್ತು. ನಮ್ಮ ಫ್ರಿಜ್ಜಿನಲ್ಲಿ ಓ ಪಾಸಿಟಿವ್ ಸಾಕಷ್ಟಿತ್ತು. ಒಂದು ತಾಸಿನ ಕೆಲಸ ಎಂದುಕೊಂಡೆ.

ಬಾಗಲಕೋಟೆಯ ಈ ರಕ್ತ ಕೇಂದ್ರದಲ್ಲಿ ನಾನು ತಂತ್ರಜ್ಞೆ. ರಕ್ತದ ಗುಂಪನ್ನು ನಾವು ಎರಡು ಕಡೆಯಿಂದ ನೋಡುತ್ತೇವೆ. ಮೊದಲು ರೋಗಿಯ ಕೆಂಪು ಕಣಗಳಿಗೆ ನಮ್ಮ ದ್ರಾವಣಗಳನ್ನು ಹಾಕಿ ನೋಡುವುದು. ಆಮೇಲೆ ಕಣಗಳು ತಳಕ್ಕಿಳಿದ ಮೇಲೆ ಉಳಿಯುವ ರೋಗಿಯ ರಕ್ತದ ತಿಳಿಗೆ ನಮ್ಮಲ್ಲಿರುವ ಎ, ಬಿ, ಓ ಕಣಗಳನ್ನು ಹಾಕಿ ನೋಡುವುದು. ಮೊದಲನೆಯದು ಓ ಎಂದೇ ಹೇಳಿತು. ಎರಡನೆಯದರಲ್ಲಿ ಎ ಮತ್ತು ಬಿ ಕಣಗಳು ಗಂಟುಗಟ್ಟಿದವು. ಅದು ಸರಿ. ಆದರೆ ಓ ಕಣಗಳೂ ಗಂಟುಗಟ್ಟಿದವು. ಓ ಗುಂಪಿನವರ ರಕ್ತ ಓ ಕಣದ ಜೊತೆ ಜಗಳಕ್ಕೆ ಬೀಳಬಾರದು. ಟ್ಯೂಬನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದೆ. ಕೆಂಪು ಗಂಟು ಕದಲಲಿಲ್ಲ.

ನನ್ನ ಕೈತಪ್ಪಿರಬಹುದೆಂದು ಹೊಸ ಟ್ಯೂಬಿನಲ್ಲಿ ಮತ್ತೆ ಮಾಡಿದೆ. ಮತ್ತೆ ಅದೇ. ಫ್ರಿಜ್ಜಿನಿಂದ ನಾಲ್ಕು ಓ ಚೀಲಗಳನ್ನು ತೆಗೆದು ಒಂದೊಂದನ್ನೂ ಆಕೆಯ ರಕ್ತಕ್ಕೆ ತಾಳೆ ನೋಡಿದೆ. ನಾಲ್ಕೂ ಹೊಂದಲಿಲ್ಲ. ಕೊನೆಗೆ ಕಪಾಟಿನ ಹಿಂದಿನ ಸಾಲಿನಲ್ಲಿದ್ದ ಆಂಟಿ-ಎಚ್ ದ್ರಾವಣ ತೆಗೆದೆ. ಅದನ್ನು ನಾವು ವರ್ಷಕ್ಕೆ ಎಷ್ಟು ಸಲ ಮುಟ್ಟುತ್ತೇವೋ ಕೈಬೆರಳಲ್ಲಿ ಎಣಿಸಬಹುದು. ಸಾಮಾನ್ಯ ಓ ರಕ್ತ ಅದರಲ್ಲಿ ಗಟ್ಟಿ ಗಂಟಾಗುತ್ತದೆ. ಆಕೆಯ ರಕ್ತ ಸುಮ್ಮನೆ ತೇಲುತ್ತಿತ್ತು.

ನಮ್ಮ ಕೇಂದ್ರದ ವೈದ್ಯಾಧಿಕಾರಿಯನ್ನು ಕರೆದೆ. ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ ಕನ್ನಡಕ ತೆಗೆದರು.

"ಬಾಂಬೆ ಐತ್ರಿ ಇದು," ಎಂದರು.

ಬಾಂಬೆ ಎಂಬುದು ಒಂದು ರಕ್ತದ ಗುಂಪಿನ ಹೆಸರು. ಭಾಳ ಅಪರೂಪ. ಕಣಗಳನ್ನು ಮಾತ್ರ ಪರೀಕ್ಷಿಸಿದರೆ ಅದು ಓ ಎಂದೇ ಕಾಣುತ್ತದೆ. ಆ ಗುಂಪಿನವರಿಗೆ ಅದೇ ಗುಂಪಿನ ರಕ್ತ ಮಾತ್ರ ಕೊಡಬೇಕು. ಎಲ್ಲರಿಗೂ ಆಗುತ್ತದೆ ಎಂದು ಹೆಸರಾದ ಓ ರಕ್ತವೂ ಅವರ ಜೀವ ತೆಗೆಯಬಲ್ಲದು. ತಾಯಿ ಕಾರ್ಡನ್ನು ನಂಬಿ ಚೀಲ ಕಳಿಸಿದ್ದರೆ ಏನಾಗುತ್ತಿತ್ತೆಂದು ನೆನೆದು, ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ 'ಓ ಕೊಡಬಾರದು' ಎಂದು ಬರೆದೆ.

ಹೊಂದುವ ಸಾಧ್ಯತೆ ಹೆಚ್ಚಿರುವುದು ಒಡಹುಟ್ಟಿದವರಲ್ಲಿ. ಆಕೆಗಿದ್ದದ್ದು ಒಬ್ಬ ಅಕ್ಕ. ಮಧ್ಯಾಹ್ನವೇ ಅಕ್ಕ ಬಂದಳು, ತಂದೆ ತಾಯಿಯೂ ಬಂದರು. ಮೂವರದೂ ಹೊಂದಲಿಲ್ಲ. ರಕ್ತ ಹೋಗುವುದು ಸದ್ಯಕ್ಕೆ ನಿಂತಿದೆ, ಮುಂದಿನ ಸೋಮವಾರದವರೆಗೆ ಕಾಯಬಹುದು, ಮತ್ತೆ ಶುರುವಾದರೆ ಒಂದು ತಾಸೂ ಕಾಯಲಾಗದು ಎಂದು ಹೆರಿಗೆ ವೈದ್ಯೆ ತಿಳಿಸಿದರು.

ಆಕೆಯ ಗಂಡ ಚೊಳಚಗುಡ್ಡದಲ್ಲಿ ಮೂರು ಗಾಲಿಯ ಟಂಟಂ ಓಡಿಸುವವನು. ಬಾಳೆಕಾಯಿ, ತೆಂಗು, ಮದುವೆ ಮನೆಯ ಪಾತ್ರೆ, ಏನಿದ್ದರೂ ಹೇರಿಕೊಂಡು ಬಾದಾಮಿಗೂ ಬಾಗಲಕೋಟೆಗೂ ತಿರುಗುತ್ತಿದ್ದ. ಅವನು ನನ್ನ ಕಿಟಕಿಯ ಮುಂದೆ ನಿಂತು ಕೇಳಿದ: "ಅಕ್ಕಾರ, ನಮ್ಮ ಡ್ರೈವರ್‌ಗಳ ಗ್ರೂಪ್‌ನ್ಯಾಗ ಹಾಕ್ತೇನ್ರಿ. ಇಳಕಲ್, ಹುನಗುಂದ, ಗುಳೇದಗುಡ್ಡ ಎಲ್ಲಾ ಕಡೆ ಮಂದಿ ಅದಾರ. ಏನಂತ ಬರೀಲಿ ಹೇಳ್ರಿ."

ನಾನು ಮಾಡಿದ ತಪ್ಪು ಇಲ್ಲಿಂದ ಶುರು. ಕೈಯಲ್ಲಿ ಇನ್ನೂ ಮೂರು ಸ್ಯಾಂಪಲ್ ಇದ್ದವು. ಅವನ ಫೋನಿನಲ್ಲಿ ಅವಸರದಿಂದ ಬರೆದುಕೊಟ್ಟೆ: "ತುರ್ತು. ಬಾಂಬೆ ರಕ್ತ ಬೇಕಾಗಿದೆ. ಗರ್ಭಿಣಿ. ಬಾಗಲಕೋಟೆ." ಕೆಳಗೆ ನನ್ನ ಸ್ವಂತ ನಂಬರು. ದಿನಾಂಕ ಹಾಕಲಿಲ್ಲ. ಓ ನಡೆಯುವುದಿಲ್ಲ ಎಂದು ಬರೆಯಲಿಲ್ಲ. ಫೋಟೋ ಹಾಕಬೇಡ ಎಂದು ಅವನಿಗೆ ಹೇಳಲೂ ಇಲ್ಲ. ಅವನು ಹೆಂಡತಿಯ ಸೀಮಂತದ ಫೋಟೋ ಸೇರಿಸಿ ಕಳಿಸಿದ. ಹಸಿರು ಸೀರೆ, ಮುಡಿತುಂಬ ಹೂವು, ನಗುಮುಖ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಮೊದಲ ಕರೆ ಬಂತು. ಹತ್ತು ಗಂಟೆಯ ಹೊತ್ತಿಗೆ ಒಂದು ಕರೆ ಮುಗಿಸುವಷ್ಟರಲ್ಲಿ ಇನ್ನೆರಡು ಕಾದಿರುತ್ತಿದ್ದವು. ನೂರಕ್ಕೆ ನೂರು ಒಳ್ಳೆಯ ಮನಸ್ಸಿನವರೇ. "ನಂದು ಓ ಪಾಸಿಟಿವ್ ಐತ್ರಿ, ಎಲ್ಲಿಗೆ ಬರ್ಲಿ?" "ನಾ ಮುಂಬೈನ್ಯಾಗ ಇರ್ತೇನ್ರಿ, ಇಲ್ಲಿಂದ ರಕ್ತ ಹೆಂಗ ಕಳಸೂದ್ರಿ?" ಒಬ್ಬರು, ಬಾಂಬೆ ಅನ್ನುವುದು ಹಳೆಯ ಹೆಸರು, ಮುಂಬೈ ರಕ್ತ ಎಂದು ತಿದ್ದಿ ಬರೆಯಿರಿ ಎಂದು ಸಲಹೆ ಕೊಟ್ಟರು. ಹುನಗುಂದದಿಂದ ನನ್ನ ಅಮ್ಮಿ ಕರೆ ಮಾಡಿ, ಪಕ್ಕದ ಮನೆಯವರ ಫೋನಿನಲ್ಲಿ ನಿನ್ನ ನಂಬರ್ ಬಂದಿದೆ, ನಿನಗೇನಾಗಿದೆ ಎಂದು ಗಾಬರಿಯಾಗಿ ಕೇಳಿದಳು. ಎಲ್ಲರಿಗೂ ಬಿಡಿಸಿ ಹೇಳುತ್ತಾ ಹೋದೆ. ಹೇಳುವಾಗಲೆಲ್ಲ ಒಂದೇ ದಿಗಿಲು: ನಿಜವಾದ ಬಾಂಬೆ ಗುಂಪಿನವರು ಯಾರಾದರೂ ಈಗಲೇ ನನಗೆ ಕರೆ ಮಾಡುತ್ತಿದ್ದರೆ ಅವರಿಗೆ ಸಿಗುತ್ತಿರುವುದು ಎಂಗೇಜ್ ಶಬ್ದ ಮಾತ್ರ.

ಮಧ್ಯಾಹ್ನ ಇಳಕಲ್ ಕಡೆಯಿಂದ ಒಂದು ಜೀಪು ಬಂತು. ಒಂಬತ್ತು ಮಂದಿ ಯುವಕರು, ಎಲ್ಲರದೂ ಓ. ಕೆಲಸ ಬಿಟ್ಟು ಬಂದಿದ್ದರು. ಈ ರಕ್ತ ಆಕೆಗೆ ಆಗುವುದಿಲ್ಲ, ಬೇರೆ ರೋಗಿಗಳಿಗಾಗಿ ಕೊಡಬಹುದು ಎಂದೆ. ಆರು ಮಂದಿ ನಗುತ್ತಲೇ ಮಲಗಿ ಕೊಟ್ಟರು. ಅವರ ಋಣ ದೊಡ್ಡದು. ಆ ವಾರ ಅಪಘಾತದಲ್ಲಿ ಗಾಯಗೊಂಡು ಬಂದ ಒಬ್ಬರಿಗೆ ಅವರ ರಕ್ತವೇ ಹೋಯಿತು. ಉಳಿದವರಲ್ಲಿ ಒಬ್ಬ ಫೋನ್ ಎತ್ತಿ ಹಿಡಿದು ನನ್ನ ವಿಡಿಯೋ ಮಾಡತೊಡಗಿದ.

"ಓ ರಕ್ತ ಎಲ್ಲಾರಿಗೂ ನಡೀತೈತಿ ಅಂತ ಸಾಲ್ಯಾಗ ಕಲ್ಸ್ಯಾರ. ಇವ್ರು ನಡಿಯೂದಿಲ್ಲ ಅಂತಾರ. ಅಲ್ಲಿ ಹೆಣ್ಣಮಗಳು ಸಾಯಾಕತ್ತಾಳ. ನೋಡ್ರಿ ಎಲ್ಲಾರೂ!"

ನಾನು ಅಂಗೈಯಿಂದ ಮುಖ ಮುಚ್ಚಿಕೊಂಡೆ. ಅವನು ಹಂಚಿದ ವಿಡಿಯೋ ತುಣುಕಿನಲ್ಲಿ ಅದೇ ಉಳಿಯಿತು: ಮುಖ ಮುಚ್ಚಿಕೊಂಡ ಒಬ್ಬ ಸಿಬ್ಬಂದಿ. ನೋಡಿದವರಿಗೆ ನಾನು ಏನೋ ಮುಚ್ಚಿಡುತ್ತಿರುವಂತೆಯೇ ಕಾಣುತ್ತದೆ. ಸಂಜೆಯೊಳಗೆ ಕರೆಗಳ ದನಿ ಬದಲಾಯಿತು. ಅವುಗಳಲ್ಲಿ ಕೆಲವನ್ನು ಇಲ್ಲಿ ಬರೆಯಲಾರೆ.

ಬುಧವಾರ ಇದಕ್ಕಿಂತ ಕೆಟ್ಟದ್ದು ಕಾದಿತ್ತು. ಯಾರೋ, ಎಲ್ಲೋ, ಅದೇ ಸೀಮಂತದ ಫೋಟೋದ ಸುತ್ತ ಹೂವಿನ ಚೌಕಟ್ಟು ಹಾಕಿ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆದು, 'ರಕ್ತ ಸಿಗದೆ ತಾಯಿ ಮಗು ಸಾವು' ಎಂದು ಹಂಚಿದ್ದರು. ಅದು ಸುತ್ತಿ ಸುತ್ತಿ ವಾರ್ಡಿನಲ್ಲಿ ಮಲಗಿದ್ದ ಆಕೆಯ ಫೋನಿಗೇ ಬಂದಿತ್ತು.

ಹೆರಿಗೆ ವೈದ್ಯೆ ನನ್ನನ್ನು ವಾರ್ಡಿಗೆ ಕರೆಸಿದರು. ಆಕೆಯ ರಕ್ತದೊತ್ತಡ ಏರಿತ್ತು. ಬಟ್ಟೆಯ ಮೇಲೆ ಸ್ವಲ್ಪ ಕೆಂಪು ಕಂಡಿತ್ತು. ಮಂಚದ ಪಕ್ಕ ಗಂಡ ತಲೆ ಬಗ್ಗಿಸಿ ನಿಂತಿದ್ದ. ಆಕೆ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳುತ್ತಿದ್ದಳು: "ಚಿಗವ್ವಾ, ಅಳಬ್ಯಾಡ. ನಾನಽ ಮಾತಾಡಾಕತ್ತೇನಿ. ಸತ್ತಾಕಿ ಫೋನ್ ಎತ್ತತಾಳೇನು?" ಇಟ್ಟ ಮೇಲೆ ಒಮ್ಮೆ ನಕ್ಕಳು. ಆಮೇಲೆ ಅಳು ತಡೆಯಲಾಗಲಿಲ್ಲ.

ಅಲ್ಲಿಯವರೆಗೆ ನಾನು ಆಕೆಯನ್ನು ಕಂಡಿದ್ದು ಟ್ಯೂಬಿನ ಮೇಲಿನ ನಂಬರಾಗಿ, ಫೋಟೋ ಆಗಿ. ಮಂಚದ ಹತ್ತಿರ ಹೋಗಿ ನಿಂತೆ. "ತಪ್ಪು ನಂದು, ತಂಗಿ. ಆ ಮೆಸೇಜ್ ನಾನಽ ಬರದು ಕೊಟ್ಟಿದ್ದು. ಫೋಟೋ ಬ್ಯಾಡ ಅಂತ ಹೇಳಬೇಕಿತ್ತು," ಎಂದೆ.

ಆಕೆ ಕಣ್ಣೊರೆಸಿಕೊಂಡಳು. "ಇರ್ಲಿ ಬಿಡ್ರಿ ಅಕ್ಕಾರ. ನನ್ನ ಮಾರಿ ನಾಡೆಲ್ಲಾ ನೋಡಿ ಆತು. ಈಗ ಯಾರರ ಖರೆ ಏನು ಅಂತ ಹೇಳಾವ್ರು ಬೇಕಲ್ರಿ. ನೀವಽ ಹೇಳ್ರಿ. ನಿಮಗಷ್ಟ ಗೊತ್ತೈತಿ."

ಮೆಟ್ಟಿಲಿಳಿಯುವಾಗ ಆ ಮಾತು ಜೊತೆಗೇ ಬಂತು. ನಾನು ಜಾಲತಾಣಗಳಲ್ಲಿ ಮುಖ ತೋರಿಸಿದವಳಲ್ಲ. ನನ್ನ ವಾಟ್ಸಾಪಿನಲ್ಲಿ ಹೆಸರಿನ ಪಕ್ಕ ಒಂದು ಗುಲಾಬಿ ಹೂವು. ನಮ್ಮ ಮನೆಯಲ್ಲಿ ಯಾರೂ ಬೇಡ ಎಂದವರಿಲ್ಲ, ನನಗೇ ಸಂಕೋಚ. ಈಗಂತೂ ಆ ತುಣುಕು ಊರೂರು ತಿರುಗುತ್ತಿತ್ತು. ಮನೆಯವರು, ಫೋನ್ ಬಂದ್ ಮಾಡು, ನಾಲ್ಕು ದಿನಕ್ಕೆ ತಾನೇ ತಣ್ಣಗಾಗುತ್ತದೆ ಎಂದರು. ನಾಲ್ಕು ದಿನ ನನ್ನ ಹತ್ತಿರ ಇತ್ತು, ಆಕೆಯ ಹತ್ತಿರ ಇರಲಿಲ್ಲ.

ಮೊದಲು ಸಂದೇಶ ಅಳಿಸಲು ನೋಡಿದೆವು. ಗಂಡ ತನ್ನ ಗುಂಪಿನಲ್ಲಿ ಅಳಿಸಿದ. ಆದರೆ ಅಲ್ಲಿಂದ ಮುಂದಕ್ಕೆ ಹೋದದ್ದು ಯಾರ ಕೈಗೂ ಸಿಗುವಂತಿರಲಿಲ್ಲ. ಹಾಗಾಗಿ ಗುರುವಾರ ಬೆಳಿಗ್ಗೆ ವೈದ್ಯಾಧಿಕಾರಿಗೆ ಹೇಳಿದೆ: "ಸರ್, ಹಿಂದಿಂದು ಹಿಡ್ಯಾಕ ಆಗೂದಿಲ್ರಿ. ಹೊಸಾದು ಒಂದು ಕಳಸೂಣು. ನಾನಽ ನಿಂತು ಹೇಳ್ತೇನಿ. ಮಾರಿ ಕಾಣ್ಲಿ."

ಅವರು ನನ್ನತ್ತ ತಿರುಗಿದರು. "ನೀವ?"

"ಹೌದ್ರಿ."

ಏನೇನು ಇರಬೇಕು, ಏನೇನು ಇರಬಾರದು ಎಂದು ಇಬ್ಬರೂ ಕೂತು ಬರೆದುಕೊಂಡೆವು. ರೋಗಿಯ ಹೆಸರು, ಊರು, ಫೋಟೋ ಇರಬಾರದು. ನನ್ನ ನಂಬರಿನ ಬದಲು ಕೇಂದ್ರದ ಸ್ಥಿರ ದೂರವಾಣಿ, ಕರೆ ಮಾಡುವ ಸಮಯ. ಮೊದಲ ಮಾತೇ ದಿನಾಂಕ. ಕೊನೆಯ ಮಾತು, ಈ ಸೋಮವಾರದ ನಂತರ ಇದನ್ನು ಯಾರಿಗೂ ಕಳಿಸಬೇಡಿ. ಎರಡು ಟ್ಯೂಬುಗಳನ್ನು ತಯಾರು ಮಾಡಿಟ್ಟುಕೊಂಡೆ. ವೈದ್ಯಾಧಿಕಾರಿಯೇ ಫೋನ್ ಹಿಡಿದರು. ಮೂರು ಸಲ ಮಾತು ತಪ್ಪಿತು. ನಾಲ್ಕನೆಯ ಸಲ ಸರಿಹೋಯಿತು.

"ಈ ಟ್ಯೂಬಿನ್ಯಾಗ ಇರೂದು ನಮ್ಮ ನಿಮ್ಮಂಥಾ ಓ ರಕ್ತ. ಈ ಔಷಧ ಹಾಕಿದ ಕೂಡ್ಲೆ ನೋಡ್ರಿ, ಗಂಟು ಆತು. ಈ ಇನ್ನೊಂದ್ರಾಗ ಅದಽ ಔಷಧ ಹಾಕೀನಿ, ಗಂಟು ಆಗ್ಲಿಲ್ಲ. ಇದು ಬಾಂಬೆ ರಕ್ತ. ಇದು ಊರಿನ ಹೆಸರಲ್ಲ, ರಕ್ತದ ಹೆಸರು. ಇಂಥಾವ್ರಿಗೆ ಓ ಕೊಟ್ರ ಜೀವಕ್ಕ ಅಪಾಯ. ಓ ಇದ್ದಾವ್ರು ದಯವಿಟ್ಟು ಫೋನ್ ಮಾಡಬ್ಯಾಡ್ರಿ, ನಿಮ್ಮ ಮನಸ್ಸಿಗೆ ಶರಣು. ಆದ್ರ ನಿಮಗ ಯಾವಾಗರ ದವಾಖಾನ್ಯಾಗ, ನಿಮ್ಮದು ಓ ಐತಿ, ಆದ್ರ ಯಾರ ರಕ್ತಾನೂ ಹೊಂದವಲ್ದು ಅಂತ ಹೇಳಿದ್ರ, ನೀವು ಮಾತ್ರ ಫೋನ್ ಮಾಡ್ರಿ. ಪೇಷಂಟ್ ಆರಾಮ ಅದಾರ. ಸತ್ತಾರ ಅನ್ನೂದು ಸುಳ್ಳು."

ಗಂಡನೇ ಅದನ್ನು ಡ್ರೈವರ್‌ಗಳ ಗುಂಪಿಗೆ ಹಾಕಿದ. ಯಾವ ದಾರಿಯಲ್ಲಿ ಸುಳ್ಳು ಓಡಿತ್ತೋ ಅದೇ ದಾರಿಯಲ್ಲಿ ಇದೂ ಓಡಿತು. ಕರೆಗಳು ಕಡಿಮೆಯಾದವು. ಶುಕ್ರವಾರ ಅಪರೂಪದ ಗುಂಪಿನ ದಾನಿಗಳ ಪಟ್ಟಿ ಇಟ್ಟುಕೊಂಡಿರುವ ಸ್ವಯಂಸೇವಕರೊಬ್ಬರು ಕರೆ ಮಾಡಿ, ಹುಬ್ಬಳ್ಳಿಯಲ್ಲಿ ಒಬ್ಬರಿದ್ದಾರೆ, ಸೋಮವಾರ ಬೆಳಿಗ್ಗೆ ಕಳಿಸುತ್ತೇವೆ ಎಂದರು. ಒಂದು ಚೀಲದ ಭರವಸೆ ಸಿಕ್ಕಿತು. ಬೇಕಾದದ್ದು ಎರಡು, ಮತ್ತು ಆದಷ್ಟು ಬೇಗ.

ಅದೇ ಶುಕ್ರವಾರ ಸಂಜೆ ನಾಲ್ಕರ ಸುಮಾರಿಗೆ ಸ್ಥಿರ ದೂರವಾಣಿಯಲ್ಲಿ ಒಂದು ಹೆಣ್ಣು ದನಿ. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು.

"ವಿಡಿಯೋದಾಗ ಇದ್ದಾಕಿ ನೀವಽ ಏನ್ರಿ?"

"ಹೌದ್ರಿ, ಹೇಳ್ರಿ."

"ನಾ ಇಳಕಲ್ಲಿಂದ ಮಾತಾಡ್ತೇನ್ರಿ. ನನ್ನ ರಕ್ತ ಕೆಟ್ಟೈತ್ರಿ. ಹಂಗಂತ ಹೇಳಿದ್ರು. ಹತ್ತು ವರ್ಷ ಆತು. ಗರ್ಭಚೀಲದ ಆಪರೇಷನ್ನಿಗೆ ಹೋದಾಗ, ಓ ಐತಿ ಆದ್ರ ಯಾವ ರಕ್ತಾನೂ ಕೂಡವಲ್ದು ಅಂದ್ರು. ಆಪರೇಷನ್ ಮಾಡ್ಲಿಲ್ಲ, ಔಷಧ ಕೊಟ್ಟು ಕಳಿಸಿದ್ರು. ನೀವು ಹೇಳಿದ್ದು ಹಂಗಽ ಐತಲ್ರಿ?"

ಅದು ಕೆಟ್ಟ ರಕ್ತವಲ್ಲ, ನಾಳೆ ಬರ್ತೀರಾ ಎಂದು ಕೇಳಿದೆ. ಆ ಕಡೆ ಮಗ್ಗ ನಿಂತಿತು. "ಮೊದಲ್ನೇ ಬಸ್ಸಿಗೆ ಬರ್ತೇನ್ರಿ," ಎಂದರು.

ಶನಿವಾರ ಒಂಬತ್ತಕ್ಕೆ ಬಂದರು. ನಲವತ್ತೈದರ ಆಸುಪಾಸು, ತೆಳ್ಳನೆಯ ಮೈ. ಜೊತೆಗೆ ಅಣ್ಣ, ಗ್ರಾನೈಟ್ ಪಾಲಿಶ್ ಕೆಲಸದವರು, ತಂಗಿಯನ್ನು ಒಬ್ಬಳೇ ಕಳಿಸಲಾಗದೆ ಬಂದಿದ್ದರು. ನೇಕಾರಗಿತ್ತಿಯ ಸ್ಯಾಂಪಲ್ ತೆಗೆದು ಆಂಟಿ-ಎಚ್ ಹಾಕಿದೆ. ಗಂಟಾಗಲಿಲ್ಲ. ತಾಳೆ ನೋಡಿದೆ. ಆ ಗರ್ಭಿಣಿಯ ರಕ್ತದೊಂದಿಗೆ ಸೇರಿ ಟ್ಯೂಬಿನ ತಳದಲ್ಲಿ ನುಣ್ಣಗೆ ಕೂತಿತ್ತು, ಅಲ್ಲಾಡಿಸಿದರೆ ಹೊಗೆಯಂತೆ ಎದ್ದಿತು. ಆ ವಾರದಲ್ಲಿ ಹೊಂದಿಕೆಯಾದ ಮೊದಲ ಟ್ಯೂಬು ಅದು.

ಆದರೆ ಹಿಮೋಗ್ಲೋಬಿನ್ ನೋಡಿದರೆ ಹತ್ತೂವರೆ. ದಾನಕ್ಕೆ ಹನ್ನೆರಡೂವರೆ ಬೇಕು. ಇನ್ನೊಮ್ಮೆ ನೋಡಿದೆ. ಹತ್ತೂವರೆಯೇ.

ವೈದ್ಯಾಧಿಕಾರಿ ಅವರ ಎದುರು ಕೂತು ತಿಳಿಸಿದರು: "ಯಕ್ಕಾ, ನಿಮ್ಮ ರಕ್ತ ಭಾಳ ಚೊಲೊ ಐತಿ, ಕೆಟ್ಟಿಲ್ಲ. ಆದ್ರ ನಿಮಗಽ ಕಡಿಮಿ ಐತಿ. ಈಗ ತಗೊಂಡ್ರ ನಿಮಗ ತ್ರಾಸ ಆಗ್ತೈತಿ."

"ಆದ್ರ ಆಗ್ಲಿ ಬಿಡ್ರಿ. ಅಲ್ಲಿ ಎರಡು ಜೀವ ಐತಿ, ತಗೋರಿ," ಎಂದು ಅವರು ತೋಳು ಮುಂದೆ ಚಾಚಿಯೇ ಕೂತರು. ತೆಗೆಯುವುದಿಲ್ಲ ಎಂದು ಮೂರು ಸಲ ಹೇಳಬೇಕಾಯಿತು.

ನಾನು ಬಾಗಿಲ ಬಳಿ ನಿಂತಿದ್ದ ಅಣ್ಣನ ಕಡೆ ತಿರುಗಿದೆ. "ಅಣ್ಣಾರ, ನಿಮ್ಮದು ಯಾವ ಗುಂಪು?"

"ನಂದು? ಯಾರಿಗ್ಗೊತ್ರಿ. ಈ ವಯಸ್ಸಿನತನಕ ಸೂಜಿ ಚುಚ್ಚಿಸಿಕೊಂಡಾವ ಅಲ್ಲ ನಾ."

ಕಲ್ಲಿನ ಧೂಳು ಉಗುರಿನ ಸಂದಿಯಲ್ಲಿ ಬಿಳಿಯಾಗಿ ಕೂತಿದ್ದ ಕೈ ಅದು. ಸೂಜಿ ತಾಗಿದಾಗ ಅಷ್ಟು ದೊಡ್ಡ ಮನುಷ್ಯ ಕಣ್ಣು ಮುಚ್ಚಿ ತಂಗಿಯ ಸೆರಗು ಹಿಡಿದುಕೊಂಡರು. ಕಣದ ಪರೀಕ್ಷೆ: ಓ. ತಿಳಿಯ ಪರೀಕ್ಷೆಯಲ್ಲಿ ಓ ಕಣ ಗಂಟಾಯಿತು. ಆಂಟಿ-ಎಚ್ ಡ್ರಾಪರ್ ಎತ್ತಿಕೊಂಡೆ. ಹಾಕಿದೆ, ಕಾದೆ. ಗಂಟಾಗಲಿಲ್ಲ. ಗರ್ಭಿಣಿಯ ರಕ್ತಕ್ಕೆ ತಾಳೆಯೂ ಹೊಂದಿತು, ಹಿಮೋಗ್ಲೋಬಿನ್ ಹದಿನಾಲ್ಕು.

ರಕ್ತದೊತ್ತಡ ಮಾತ್ರ ಏರಿತ್ತು, ಹೆದರಿಕೆಗೆ. ಅರ್ಧ ತಾಸು ಮಲಗಿಸಿದೆವು. ತಂಗಿ ಪಕ್ಕದಲ್ಲಿ ಕೂತು, "ಎಷ್ಟು ಅಂಜತೀ ಅಣ್ಣ? ದಿನಾ ಅಂಥಾ ಕಲ್ಲು ಎತ್ತಾವ ನೀ," ಎಂದು ಕಾಡುತ್ತಿದ್ದರು. ಇಳಿಯಿತು. ಚೀಲ ತುಂಬಿತು. ಸೋಂಕಿನ ಪರೀಕ್ಷೆಗಳೆಲ್ಲ ಮುಗಿದು, ಚೀಲದ ಮೇಲೆ ಸುರಕ್ಷಿತ ಎಂಬ ಚೀಟಿ ಅಂಟಿಸಿದಾಗ ಸಂಜೆ ಐದು. ಹೆರಿಗೆ ವೈದ್ಯೆಗೆ ಫೋನ್ ಮಾಡಿದೆ. "ಒಂದು ಕೈಯಾಗ ಐತ್ರಿ ಮೇಡಂ," ಎಂದೆ. ಅವರು ಚೀಲದ ನಂಬರು ಕೇಳಿ ಬರೆದುಕೊಂಡರು.

ಭಾನುವಾರ ಬೆಳಿಗ್ಗೆ ಮತ್ತೆ ರಕ್ತ ಹೋಗಲು ಶುರುವಾಯಿತು. ಸೋಮವಾರದವರೆಗೆ ಕಾಯುವಂತಿರಲಿಲ್ಲ. ಹತ್ತು ಗಂಟೆಗೆ ಆಪರೇಷನ್. ಆ ಚೀಲವನ್ನು ನಾನೇ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ಬಾಗಿಲ ಹೊರಗೆ ಗಂಡ ಗೋಡೆಗೊರಗಿ ಕೂತಿದ್ದ. ಫೋನ್ ಜೇಬಿನಲ್ಲೇ ಇತ್ತು, ಒಮ್ಮೆಯೂ ತೆಗೆಯಲಿಲ್ಲ. ಹನ್ನೊಂದರ ಹೊತ್ತಿಗೆ ಹೆಣ್ಣು ಮಗು, ಆ ಚೀಲ ತಾಯಿಗೆ ಏರಿಸಿದ್ದಾರೆ, ಇಬ್ಬರೂ ಸುರಕ್ಷಿತ ಎಂದು ತಿಳಿಸಿದರು. ಹುಬ್ಬಳ್ಳಿಯ ದಾನಿ ಸುದ್ದಿ ತಿಳಿದು ಅವತ್ತೇ ಹೊರಟು ಮಧ್ಯಾಹ್ನ ಬಂದಿಳಿದರು. ಅವರ ರಕ್ತ ಮಾರನೆಯ ದಿನ ತಾಯಿಗೆ ಹೋಯಿತು. ಹೊರಡುವ ಮುಂಚೆ ಅವರು ಕೇಳಿದ್ದು ಒಂದು ಲೋಟ ಚಹಾ ಮಾತ್ರ.

ಎಂಟನೆಯ ದಿನ ತಾಯಿ ಮಗು ಚೊಳಚಗುಡ್ಡಕ್ಕೆ ಹೋದರು. ಟಂಟಂ ಚಾಲಕರ ಗುಂಪಿನಲ್ಲಿ ಗಂಡ ಫೋಟೋ ಹಾಕಲಿಲ್ಲ. "ಎಲ್ಲಾರಿಗೂ ಶರಣು, ಇಬ್ಬರೂ ಆರಾಮ" ಎಂದಷ್ಟೇ ಬರೆದನಂತೆ.

ಆ ಶ್ರದ್ಧಾಂಜಲಿ ಮಾಡಿದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ನಾನು ಮುಖ ಮುಚ್ಚಿಕೊಂಡ ತುಣುಕು ಇನ್ನೂ ಎಲ್ಲೋ ಇದೆ, ಅದರ ಕೆಳಗಿನ ಬೈಗುಳವೂ. ಮೊದಲ ಸಂದೇಶಕ್ಕೆ ದಿನಾಂಕ ಇಲ್ಲದ್ದರಿಂದ ಈಗಲೂ ದೂರದ ಊರುಗಳಿಂದ ಕರೆ ಬರುತ್ತವೆ. ಹಿಂದಿಯಲ್ಲಿ, ತೆಲುಗಿನಲ್ಲಿ ಕೇಳುತ್ತಾರೆ, ರಕ್ತ ಇನ್ನೂ ಬೇಕೇ ಎಂದು. ನಂಬರು ಬದಲಿಸು ಎಂದು ಮನೆಯಲ್ಲಿ ಹೇಳುತ್ತಾರೆ. ಬದಲಿಸಿಲ್ಲ. ಗುರುತಿಲ್ಲದ ಹೆಂಗಸಿಗಾಗಿ ಯಾರೋ ಕೈ ಮುಂದೆ ಚಾಚುತ್ತಿದ್ದಾರೆ, ಅವರಿಗೆ ತಾಯಿ ಮಗು ಆರಾಮಾಗಿದ್ದಾರೆ ಎಂದು ಹೇಳಲು ಒಂದು ನಿಮಿಷ ಸಾಕು. ನಮ್ಮ ಕೇಂದ್ರದಲ್ಲಿ ಈಗ ಯಾವ ಮನವಿಯೂ ದಿನಾಂಕ, ಸ್ಥಿರ ದೂರವಾಣಿ, ವೈದ್ಯಾಧಿಕಾರಿಯ ಸಹಿ ಇಲ್ಲದೆ ಹೊರಗೆ ಹೋಗುವುದಿಲ್ಲ. ಫೋಟೋ ಅಂತೂ ಇಲ್ಲವೇ ಇಲ್ಲ.

ಇಳಕಲ್ಲಿನ ಅಣ್ಣ ತಂಗಿ ಇಬ್ಬರ ಹೆಸರೂ ಅಪರೂಪದ ದಾನಿಗಳ ಪಟ್ಟಿಗೆ ಸೇರಿವೆ. ತಂಗಿ ಕಬ್ಬಿಣದ ಗುಳಿಗೆ ನುಂಗಿ, ಅಲ್ಲಿನ ಸರಕಾರಿ ದವಾಖಾನೆಯಲ್ಲಿ ತೋರಿಸಿ, ಹನ್ನೆರಡೂವರೆ ದಾಟಿಸಿಕೊಂಡಿದ್ದಾರೆ. ಒಂದು ಸೀರೆ ಮುಗಿಸಿ ಮಗ್ಗದಿಂದ ಇಳಿಸಿದ ದಿನ ನನಗೊಂದು ಕರೆ ಬರುತ್ತದೆ.

"ಯಾರಿಗರ ಬೇಕಾಗೇತೇನ್ರಿ?"

"ಇಲ್ರಿ ಯಕ್ಕಾ, ಸದ್ಯಕ್ಕ ಯಾರಿಗೂ ಬ್ಯಾಡ್ರಿ."

"ಚೊಲೊ ಆತು ಬಿಡ್ರಿ," ಎನ್ನುತ್ತಾರೆ, ದನಿಯಲ್ಲಿ ನೆಮ್ಮದಿ. "ಎಲ್ಲಾರೂ ಆರಾಮ ಅದಾರ ಅಂದಂಗಾತು." ಆಮೇಲೆ ಫೋನ್ ಇಡುತ್ತಾರೆ. ಮುಂದಿನ ಸೀರೆಗೆ ಮಗ್ಗಕ್ಕೆ ಹೊಸ ಹಾಸುನೂಲು ಹೂಡುವುದಿರುತ್ತದೆ.